ಕಲ್ಲಾಗದ ಬಣ್ಣ

ಕೆನಡಾ ದೇಶದ ಅಲ್ಬರ್ಟಾ ಪ್ರಾಂತ್ಯದ ದಕ್ಷಿಣ ಅಂಚಿನಲ್ಲಿ ಸೇಂಟ್ ಮೇರಿ ಎಂಬ ನದಿ ಹರಿಯುತ್ತದೆ. ಅಮೆರಿಕದ ಮೊಂಟಾನಾ ಪರ್ವತಗಳಲ್ಲಿ ಹುಟ್ಟುವ ಈ ನದಿ ಗಡಿ ದಾಟಿ, ಹುಲ್ಲುಬಯಲನ್ನು ಆಳವಾಗಿ ಕೊರೆದುಕೊಂಡು ಬಂದು ಲೆತ್‌ಬ್ರಿಜ್ ನಗರದ ಬಳಿ ಓಲ್ಡ್‌ಮನ್ ನದಿಯನ್ನು ಕೂಡಿಕೊಳ್ಳುತ್ತದೆ. ನೋಡುವವರ ಮನಸ್ಸು ಸೆಳೆಯುವಂಥದ್ದೇನೂ ಅದರ ದಂಡೆಯಲ್ಲಿಲ್ಲ. ಬೂದು ಮಿಶ್ರಿತ ಕಪ್ಪು ಬಣ್ಣದ, ಉಗುರಿನಲ್ಲಿ ಕೆರೆದರೂ ಉದುರುವ ಜೇಡಿಕಲ್ಲಿನ ಗೋಡೆಗಳು ಮಾತ್ರ. ಹಿಮ ಕರಗಿ ನೀರೇರಿದಾಗ ಈ ಗೋಡೆಗಳು ಅಲ್ಲಲ್ಲಿ ಕುಸಿಯುತ್ತವೆ. ಕುಸಿದ ಮಣ್ಣಿನ ನಡುವೆ ಒಮ್ಮೊಮ್ಮೆ ನವಿಲುಗರಿಯ ಕಣ್ಣನ್ನು ಕಿತ್ತು ಎಸೆದಂತೆ ಏನೋ ಹೊಳೆಯುತ್ತದೆ. ಒಂದು ಕಡೆಯಿಂದ ನೋಡಿದರೆ ಕೆಂಪು, ಸ್ವಲ್ಪ ವಾಲಿಸಿದರೆ ಹಸಿರು, ಅಪರೂಪಕ್ಕೆ ನೀಲಿ ಅಥವಾ ನೇರಳೆ.

ಅದು ಗಾಜಲ್ಲ, ಲೋಹವೂ ಅಲ್ಲ. ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಈಜಾಡಿಕೊಂಡಿದ್ದ ಒಂದು ಪ್ರಾಣಿಯ ಚಿಪ್ಪು. ಆ ಪ್ರಾಣಿಯ ಹೆಸರು ಅಮ್ಮೊನೈಟ್. ಇಂದು ಹತ್ತಿರದ ಕಡಲಿಗೆ ಹೋಗಬೇಕಾದರೆ ನೂರಾರು ಮೈಲಿ ಪರ್ವತಗಳನ್ನು ದಾಟಬೇಕಾದ ಆ ಬಯಲಿನಲ್ಲಿ ಕಡಲ ಪ್ರಾಣಿ ಹೇಗೆ ಬಂತು ಎಂದು ಓದುಗರಿಗೆ ಅನ್ನಿಸಬಹುದು. ಪ್ರಾಣಿ ಬಯಲಿಗೆ ಬರಲಿಲ್ಲ. ಆಗ ಅಲ್ಲಿದ್ದದ್ದೇ ಕಡಲು. ಉತ್ತರದ ಆರ್ಕ್‌ಟಿಕ್ ಸಾಗರದಿಂದ ದಕ್ಷಿಣದ ಮೆಕ್ಸಿಕೊ ಕೊಲ್ಲಿಯವರೆಗೆ ಉತ್ತರ ಅಮೆರಿಕ ಖಂಡವನ್ನು ಎರಡು ಹೋಳಾಗಿ ಸೀಳಿದ್ದ ಆಳವಿಲ್ಲದ ಆ ಕಡಲಿನ ತಳಕ್ಕೆ ಇಳಿದ ಕೆಸರು ಕಾಲಾಂತರದಲ್ಲಿ ಜೇಡಿಕಲ್ಲಾಯಿತು. ಭೂವಿಜ್ಞಾನಿಗಳು ಈ ಪದರಕ್ಕೆ ಬೇರ್‌ಪಾ ಶಿಲಾಸ್ತರ ಎಂದು ಹೆಸರಿಟ್ಟಿದ್ದಾರೆ.

ಸುರುಳಿ ಚಿಪ್ಪನ್ನು ಕಂಡು ಅಮ್ಮೊನೈಟನ್ನು ಬಸವನಹುಳುವಿನ ಜಾತಿಗೆ ಸೇರಿಸುವುದು ಸಹಜ. ಆದರೆ ಅದರ ನಿಜವಾದ ನೆಂಟರು ಅಷ್ಟಪದಿ ಮತ್ತು ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್. ಚಿಪ್ಪಿನೊಳಗೆ ಸಾಲು ಕೋಣೆಗಳು. ಪ್ರಾಣಿ ಬೆಳೆದಂತೆಲ್ಲ ಮುಂದೆ ಹೊಸ ಕೋಣೆ ಕಟ್ಟಿಕೊಂಡು ಹಿಂದಿನದಕ್ಕೆ ಗೋಡೆ ಹಾಕಿಬಿಡುತ್ತಿತ್ತು. ಪ್ರಾಣಿಯ ವಾಸ ಕಡೆಯ ಕೋಣೆಯಲ್ಲಿ ಮಾತ್ರ. ಹಿಂದಿನವು ನೀರಿನಲ್ಲಿ ತೇಲಲು ಒದಗುವ ಗಾಳಿಗೂಡುಗಳು. ಈ ಏರ್ಪಾಡನ್ನು ನಂಬಿಕೊಂಡು ಅಮ್ಮೊನೈಟ್ ವಂಶ ಮೂವತ್ತು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬಾಳಿತು. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಜೊತೆಯಲ್ಲೇ ಅಳಿಯಿತು. ಮೆಕ್ಸಿಕೊ ಬಳಿ ಆಕಾಶದಿಂದ ಬಂಡೆಯೊಂದು ಅಪ್ಪಳಿಸಿದ ಕಾಲ ಅದು. ಭಾರತದ ದಖನ್ ಪ್ರದೇಶದಲ್ಲಿ ನೆಲ ಬಿರಿದು ಲಾವಾ ಹರಿದದ್ದೂ ಆ ಕಾಲದ ಆಸುಪಾಸಿನಲ್ಲೇ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಕಲ್ಲು ಆ ಲಾವಾ ಆರಿ ಆದದ್ದು. ಅಮ್ಮೊನೈಟಿನ ಅಂತ್ಯಕ್ಕೆ ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬ ವಾದ ಇನ್ನೂ ನಿಂತಿಲ್ಲ.

ಅಮ್ಮೊನೈಟ್ ಪಳೆಯುಳಿಕೆಗೆ ಪ್ರಪಂಚದಲ್ಲಿ ಬರವಿಲ್ಲ. ತಮಿಳುನಾಡಿನ ಅರಿಯಲೂರಿನಲ್ಲಿ, ಗುಜರಾತಿನ ಕಚ್ಛ್‌ನಲ್ಲಿ ಹೇರಳವಾಗಿ ಸಿಗುತ್ತವೆ. (ಕರ್ನಾಟಕಕ್ಕೆ ಆ ಭಾಗ್ಯವಿಲ್ಲ. ನಮ್ಮ ನಾಡಿನ ಬಹುಪಾಲು ಬಂಡೆ ಚಿಪ್ಪಿನ ಪ್ರಾಣಿಗಳೇ ಹುಟ್ಟುವುದಕ್ಕೆ ಬಹು ಮುಂಚಿನದು.) ಬರವಿರುವುದು ಬಣ್ಣ ಉಳಿಸಿಕೊಂಡ ಅಮ್ಮೊನೈಟಿಗೆ. ಇದಕ್ಕೆ ಕಾರಣ ತಿಳಿಯಬೇಕಾದರೆ ಆ ಬಣ್ಣ ಏನೆಂದು ತಿಳಿಯಬೇಕು.

ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದೆ ನಿಂತ ನೀರಿನ ಮೇಲೆ ಎಣ್ಣೆಯ ತೆಳು ಪೊರೆ ಹರಡಿ ಕಾಮನಬಿಲ್ಲು ಮೂಡುವುದನ್ನು ಎಲ್ಲರೂ ಕಂಡಿದ್ದೇವೆ. ಎಣ್ಣೆಗೂ ಬಣ್ಣವಿಲ್ಲ, ನೀರಿಗೂ ಇಲ್ಲ. ಪೊರೆಯ ಮೇಲ್ಭಾಗದಿಂದ ಮರಳಿದ ಬೆಳಕು, ಕೆಳಭಾಗದಿಂದ ಮರಳಿದ ಬೆಳಕು ಒಂದರ ಮೇಲೊಂದು ಬಿದ್ದು ಕೆಲವು ಬಣ್ಣಗಳು ಅಳಿಸಿಹೋಗುತ್ತವೆ, ಕೆಲವು ಗಾಢವಾಗುತ್ತವೆ. ಅಮ್ಮೊನೈಟಿನ ಚಿಪ್ಪಿನ ಒಳಪದರ ಮುತ್ತಿನಂತೆಯೇ ಆರಗೊನೈಟ್ ಎಂಬ ಸುಣ್ಣದ ಖನಿಜದ ಸೂಕ್ಷ್ಮ ಹಲ್ಲೆಗಳನ್ನು ಇಟ್ಟಿಗೆ ಜೋಡಿಸಿದಂತೆ ಜೋಡಿಸಿ ಕಟ್ಟಿದ್ದು. ಬೆಳಕು ಅಲ್ಲಿಯೂ ಅದೇ ಆಟ ಆಡುತ್ತದೆ. ಪದರಗಳು ದಪ್ಪನಾಗಿದ್ದರೆ ಕೆಂಪು ಮತ್ತು ಹಸಿರು, ತೆಳ್ಳಗಿದ್ದರೆ ನೀಲಿ ಮತ್ತು ನೇರಳೆ. ತೆಳುವಾದದ್ದು ಬೇಗ ಹಾಳಾಗುವುದರಿಂದ ನೀಲಿಯೂ ನೇರಳೆಯೂ ವಿರಳ; ಬೆಲೆ ಕಟ್ಟುವವರ ಲೆಕ್ಕದಲ್ಲಿ ಅವು ಮೇಲು.

ಈ ಆರಗೊನೈಟ್ ನಿಲುಗಡೆಯಿಲ್ಲದ ವಸ್ತು. ನೆಲದೊಳಗಿನ ನೀರು, ಬಿಸಿ, ಒತ್ತಡ ತಗುಲಿದರೆ ಅದು ಕರಗಿಹೋಗುತ್ತದೆ ಅಥವಾ ಕ್ಯಾಲ್ಸೈಟ್ ಎಂಬ ಇನ್ನೊಂದು ಖನಿಜವಾಗಿ ಮಾರ್ಪಡುತ್ತದೆ. ಮಾರ್ಪಟ್ಟೊಡನೆ ಹಲ್ಲೆಗಳ ಜೋಡಣೆ ಕೆಟ್ಟು ಬಣ್ಣ ಮಾಯವಾಗುತ್ತದೆ. ಪಳೆಯುಳಿಕೆ ಎಂದರೆ ಜೀವಿಯ ದೇಹ ಹೋಗಿ ಅದರ ಜಾಗಕ್ಕೆ ಕಲ್ಲು ಬಂದದ್ದು ಎಂದು ಶಾಲೆಯಲ್ಲಿ ಓದುತ್ತೇವೆ. ಸೇಂಟ್ ಮೇರಿ ದಂಡೆಯಲ್ಲಿ ಆದದ್ದು ಬೇರೆ. ಅಲ್ಲಿ ಜ್ವಾಲಾಮುಖಿಯ ಬೂದಿ ಬೆರೆತ ನಯವಾದ ಜೇಡಿ ಚಿಪ್ಪನ್ನು ಬಿಗಿಯಾಗಿ ಸುತ್ತಿಕೊಂಡು ನೀರನ್ನು ಹತ್ತಿರ ಬಿಡಲಿಲ್ಲ. ಇಂದು ಕೈಯಲ್ಲಿ ಹಿಡಿದು ನೋಡುವ ಹೊಳಪು ಆ ಪ್ರಾಣಿ ತಾನೇ ಸ್ರವಿಸಿ ಕಟ್ಟಿದ ಪದರದ್ದು. ಕಲ್ಲು ಅದರ ಜಾಗಕ್ಕೆ ಬಂದಿಲ್ಲ. ಆದರೆ ಮೇಲೆ ಬಿದ್ದ ಕೆಸರಿನ ಭಾರಕ್ಕೆ ಚಿಪ್ಪು ಮಾತ್ರ ಹಪ್ಪಳದಂತೆ ಚಪ್ಪಟೆಯಾಗಿ ಚೂರಾಗಿದೆ. ಎರಡಡಿ ಅಗಲದ ಪ್ಲಾಸೆಂಟಿಸೆರಾಸ್ ಜಾತಿಯ ಚಿಪ್ಪು ಇಡಿಯಾಗಿ ಸಿಕ್ಕುವುದು ದೊಡ್ಡ ಅದೃಷ್ಟ.

ದೇವರ ಪೆಟ್ಟಿಗೆಯ ದಾಯಾದಿ

ಕನ್ನಡಿಗರಿಗೆ ಅಮ್ಮೊನೈಟ್ ಅಪರಿಚಿತವಲ್ಲ, ಹೆಸರು ಅಪರಿಚಿತವಷ್ಟೆ. ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ತುಳಸಿದಳದ ಕೆಳಗೆ ಕುಳಿತಿರುವ ಸಾಲಿಗ್ರಾಮ ಅದೇ ವಂಶದ್ದು. ನೇಪಾಳದ ಕಾಳಿಗಂಡಕಿ ನದಿ ಹಿಮಾಲಯದ ಕರಿ ಜೇಡಿಕಲ್ಲನ್ನು ಕೊರೆದು ತರುವ ಗುಂಡುಕಲ್ಲುಗಳು ಅವು. ಸುಮಾರು 15 ಕೋಟಿ ವರ್ಷಗಳ ಹಿಂದೆ, ಹಿಮಾಲಯ ಏಳುವ ಮೊದಲು, ಅಲ್ಲಿ ಟೆಥಿಸ್ ಎಂಬ ಕಡಲಿತ್ತು. ಕಲ್ಲಿನೊಳಗೆ ಕಾಣುವ ಚಕ್ರ ಆ ಕಡಲಿನ ಅಮ್ಮೊನೈಟಿನ ಅಚ್ಚು. ವಜ್ರಕೀಟವೆಂಬ ಹುಳು ಕಲ್ಲನ್ನು ಕೊರೆದು ಒಳಗೆ ಚಕ್ರ ಬರೆಯುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರು. ಒಂದು ಪ್ರಾಣಿ ಕಲ್ಲಿನೊಳಗೆ ಇತ್ತು ಎಂಬಷ್ಟರ ಮಟ್ಟಿಗೆ ಆ ಮಾತು ತಪ್ಪಲ್ಲ. ಚಕ್ರಗಳ ಸಂಖ್ಯೆ, ರಂಧ್ರದ ಆಕಾರ, ಮೈಬಣ್ಣ ನೋಡಿ ಇದು ಲಕ್ಷ್ಮೀನಾರಾಯಣ, ಇದು ನರಸಿಂಹ, ಇದು ಸುದರ್ಶನ ಎಂದು ಗುರುತಿಸುವ ವಿದ್ಯೆಯೇ ಬೆಳೆದಿದೆ. ಪಳೆಯುಳಿಕೆಗಳನ್ನು ಇಷ್ಟು ಸೂಕ್ಷ್ಮವಾಗಿ ನೋಡಿ ವಿಂಗಡಿಸಿದ ಪರಂಪರೆಗಳು ಹೆಚ್ಚಿಲ್ಲ.

ಸಾಲಿಗ್ರಾಮದಲ್ಲಿ ಚಿಪ್ಪು ಬಹುಮಟ್ಟಿಗೆ ಕರಗಿಹೋಗಿ ರೂಪ ಮಾತ್ರ ನಿಂತಿದೆ. ಅಲ್ಬರ್ಟಾದ ಚೂರಿನಲ್ಲಿ ರೂಪ ನಜ್ಜುಗುಜ್ಜಾಗಿ ಚಿಪ್ಪಿನ ಬಣ್ಣ ಮಾತ್ರ ಉಳಿದಿದೆ. ಒಂದೇ ವಂಶದ ಎರಡು ಅವಶೇಷಗಳಿಗೆ ಸಿಕ್ಕ ಬಾಳು ಬೇರೆಬೇರೆಯಾದದ್ದು ಇಲ್ಲಿಂದಲೇ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು, ಅದನ್ನು ಮಾರುವುದೂ ಕೊಳ್ಳುವುದೂ ದೋಷ ಎಂಬುದು ನಮ್ಮಲ್ಲಿನ ನಂಬಿಕೆ. ಅದು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬರಬೇಕಾದ್ದು. ಅಂಗಡಿಗಳಲ್ಲಿ ಸಾಲಿಗ್ರಾಮ ಮಾರಾಟವಾಗುವುದಿಲ್ಲವೆಂದಲ್ಲ. ಆದರೆ ಮಾರುವವರೂ ಬೆಲೆ ಎನ್ನದೆ ಕಾಣಿಕೆ ಎನ್ನುವುದುಂಟು.

ಯುರೋಪಿನವರೂ ಈ ಸುರುಳಿಯನ್ನು ಸುಮ್ಮನೆ ಬಿಟ್ಟವರಲ್ಲ. ಅಮ್ಮೊನೈಟ್ ಎಂಬ ಹೆಸರು ಬಂದದ್ದು ಟಗರಿನ ಕೊಂಬು ಹೊತ್ತ ಅಮ್ಮೊನ್ ದೇವತೆಯಿಂದ. ಒಂದನೆಯ ಶತಮಾನದ ರೋಮನ್ ಬರಹಗಾರ ಪ್ಲಿನಿ ಇದನ್ನು ಅಮ್ಮೊನನ ಕೊಂಬು ಎಂದು ಕರೆದು, ಇದು ಚಿನ್ನದ ಬಣ್ಣದ್ದು, ಭವಿಷ್ಯ ತಿಳಿಸುವ ಕನಸು ಬೀಳಿಸುತ್ತದೆ ಎಂದು ಬರೆದ. ಹುಸಿಚಿನ್ನವೆನ್ನುವ ಪೈರೈಟ್ ತುಂಬಿದ ಅಮ್ಮೊನೈಟ್ ಅವನ ಕಣ್ಣಿಗೆ ಬಿದ್ದಿರಬೇಕು. ಇಂಗ್ಲೆಂಡಿನ ವಿಟ್ಬಿ ಊರಿನಲ್ಲಿ ಇವು ಸಂತ ಹಿಲ್ಡಾ ಶಾಪ ಕೊಟ್ಟು ಕಲ್ಲಾಗಿಸಿದ ಹಾವುಗಳೆಂದು ನಂಬಿಕೆ. ಹಾವಾದರೆ ತಲೆ ಎಲ್ಲಿ ಎಂದು ಕೇಳುವ ಗಿರಾಕಿಗಳಿಗಾಗಿ ಅಲ್ಲಿನ ಕುಶಲಕರ್ಮಿಗಳು ಸುರುಳಿಯ ತುದಿಗೆ ತಲೆ ಕೆತ್ತಿ ಮಾರುತ್ತಿದ್ದರು. ವ್ಯಾಪಾರಿ ಬುದ್ಧಿ ಭಕ್ತಿಗಿಂತ ಬಹಳ ಹಿಂದೆ ಬೀಳುವುದಿಲ್ಲ.

ಹಾಡಿದ ಕಲ್ಲು

ಸೇಂಟ್ ಮೇರಿ ನದಿಯ ಬಯಲು ಮೊದಲಿನಿಂದಲೂ ಬ್ಲ್ಯಾಕ್‌ಫುಟ್ ಜನರ ನಾಡು. ಅವರ ಬದುಕು ನಿಂತಿದ್ದದ್ದು ನಮ್ಮ ಕಾಟಿಯ ದೂರದ ನೆಂಟನಾದ ಬೈಸನ್ ಮೇಲೆ. ಊಟ, ಉಡುಗೆ, ಡೇರೆಯ ಹೊದಿಕೆ ಎಲ್ಲವೂ ಅದರಿಂದಲೇ. ಹಿಂಡನ್ನು ಉಪಾಯದಿಂದ ಅಟ್ಟಿಕೊಂಡು ಬಂದು ಕಡಿದಾದ ಬಂಡೆಯಿಂದ ಕೆಳಗೆ ಬೀಳಿಸಿ ಬೇಟೆಯಾಡುತ್ತಿದ್ದ ಒಂದು ಸ್ಥಳ ಅಲ್ಬರ್ಟಾದಲ್ಲಿ ಇಂದಿಗೂ ಇದ್ದು, 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಸುಮಾರು ಆರು ಸಾವಿರ ವರ್ಷಗಳ ಬೇಟೆಯ ಗುರುತುಗಳಿವೆ.

ಬೈಸನ್ ಬಾರದ ಚಳಿಗಾಲವೊಂದರಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಸೌದೆಗೆ ಹೋದ ಹೆಂಗಸೊಬ್ಬಳಿಗೆ ಹಾಡು ಕೇಳಿಸಿತಂತೆ. ಹುಡುಕಿದರೆ ಮರದ ಬಳಿ ಬೈಸನ್ ಕೂದಲಿನ ಹಾಸಿಗೆಯ ಮೇಲೆ ಕುಳಿತ ಒಂದು ಪುಟ್ಟ ಕಲ್ಲು. ಹಾಡುತ್ತಿದ್ದದ್ದು ಅದೇ. ಅದು ಆಕೆಗೆ ತನ್ನ ಹಾಡನ್ನೂ ಪ್ರಾರ್ಥನೆಯನ್ನೂ ಕಲಿಸಿತು. ಆಕೆ ಅದನ್ನು ತಂದು ಬಿಡಾರದವರಿಗೆ ಕಲಿಸಿದಳು. ಹಿಂಡು ಮರಳಿ ಬಂತು. ಅಮೆರಿಕದ ಜಾರ್ಜ್ ಬರ್ಡ್ ಗ್ರಿನ್ನೆಲ್ 1892ರಲ್ಲಿ ಪ್ರಕಟಿಸಿದ ಬ್ಲ್ಯಾಕ್‌ಫುಟ್ ಕಥೆಗಳ ಸಂಗ್ರಹದಲ್ಲಿ ಈ ಕಥೆ ಸೇರಿದೆ. ಹೇಳುವವರು ಬದಲಾದಂತೆ ವಿವರಗಳೂ ಬದಲಾಗುತ್ತವೆ.

ಆ ಕಲ್ಲಿಗೆ ಬ್ಲ್ಯಾಕ್‌ಫುಟ್ ಭಾಷೆಯಲ್ಲಿ ಇನಿಸ್ಕಿಮ್ ಎಂದು ಹೆಸರು. ಸಾಮಾನ್ಯವಾಗಿ ಅದು ಅಮ್ಮೊನೈಟಿನ ತುಂಡು ಅಥವಾ ಅದೇ ವಂಶದ, ಆದರೆ ಸುರುಳಿ ಸುತ್ತದೆ ಕೋಲಿನಂತೆ ನೆಟ್ಟಗೆ ಬೆಳೆಯುತ್ತಿದ್ದ ಬಾಕ್ಯುಲೈಟಿನ ತುಂಡು. ಕೋಣೆಯ ಗೋಡೆಗಳ ಅಂಕುಡೊಂಕಿನ ಉದ್ದಕ್ಕೂ ಬಾಕ್ಯುಲೈಟ್ ಮುರಿದಾಗ ತುಂಡು ನಾಲ್ಕು ಕಾಲಿನ ಪುಟ್ಟ ಪ್ರಾಣಿಯಂತೆ ಕಾಣುತ್ತದೆ. ಕೆಂಪು ಕಾವಿ ಬಳಿದು, ಚರ್ಮದಲ್ಲಿ ಸುತ್ತಿ, ಪವಿತ್ರ ವಸ್ತುಗಳ ಗಂಟಿನಲ್ಲಿ ಅದನ್ನು ಇಡುತ್ತಿದ್ದರು. ಇಲ್ಲಿಯೂ ಮನ ಸೆಳೆದದ್ದು ಆಕಾರವೇ ಎನ್ನಬೇಕು. ಹೊಳಪಿಗಾಗಿ ಆರಿಸಿದ್ದರೆ ಅದರ ಮೇಲೆ ಕಾವಿ ಬಳಿಯುತ್ತಿರಲಿಲ್ಲ.

1877ರಲ್ಲಿ ಬ್ಲ್ಯಾಕ್‌ಫುಟ್ ಬಣಗಳು ಬ್ರಿಟಿಷ್ ಸಾಮ್ರಾಜ್ಯದೊಡನೆ ಏಳನೆಯ ಒಪ್ಪಂದಕ್ಕೆ ಸಹಿ ಹಾಕಿದವು. ಕೆಲವೇ ವರ್ಷಗಳಲ್ಲಿ ಕೆನಡಾದ ಬಯಲಿನಿಂದ ಬೈಸನ್ ಹಿಂಡುಗಳು ಕಾಣೆಯಾದವು. ತೊಗಲಿನ ವ್ಯಾಪಾರಕ್ಕಾಗಿ ನಡೆದ ಬೇಟೆಯ ಮುಂದೆ ಯಾವ ಹಾಡೂ ನಡೆಯಲಿಲ್ಲ. ಕೈನಾಯ್ ಬಣದವರಿಗೆ ಉಳಿದ ಮೀಸಲು ಭೂಮಿಯ ಒಂದು ಎಲ್ಲೆ ಸೇಂಟ್ ಮೇರಿ ನದಿಯೇ. ಬೈಸನ್ ಕರೆಯುತ್ತಿದ್ದ ಕಲ್ಲು ನೆಲದಡಿ ಹಾಗೆಯೇ ಇತ್ತು.

ಕಾಲು ಶತಮಾನದ ರತ್ನ

ಹೊರಗಿನವರಿಗೆ ಆ ಕಲ್ಲಿನ ಬಣ್ಣ ಲಾಭದ ವಸ್ತುವಾಗಿ ಕಂಡದ್ದು 1960ರ ದಶಕದಲ್ಲಿ. ಕ್ಯಾಲ್ಗರಿ ನಗರದ ಕಲ್ಲು ಉಜ್ಜುವ ಕಸುಬಿನವರು ಇದನ್ನು ಒಡವೆಗೆ ಕೂರಿಸಲು ತೊಡಗಿ, ಅಮ್ಮೊಲೈಟ್ ಎಂಬ ಹೆಸರು ರೂಢಿಗೆ ಬಂತು. ಕೆಲಸ ಸುಲಭದ್ದಾಗಿರಲಿಲ್ಲ. ಬಣ್ಣದ ಪದರ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ. ಬೆರಳುಗುರಿಗಿಂತ ತುಸು ಗಟ್ಟಿ ಅಷ್ಟೆ. ಅದಕ್ಕೇ ಬಹಳಷ್ಟು ಹರಳುಗಳಲ್ಲಿ ಕೆಳಗೆ ಜೇಡಿಕಲ್ಲಿನ ಆಸರೆ, ಮೇಲೆ ಸ್ಫಟಿಕದ ಅಥವಾ ಕೃತಕ ಸ್ಪಿನೆಲ್‌ನ ಮುಚ್ಚಳ, ನಡುವೆ ಕಾಗದದಷ್ಟು ತೆಳು ಬಣ್ಣ. 1981ರಲ್ಲಿ ವಿಶ್ವ ಆಭರಣ ಒಕ್ಕೂಟ ಇದನ್ನು ರತ್ನವೆಂದು ಮಾನ್ಯ ಮಾಡಿತು. ಗಣಿ ಕಂಪೆನಿಗಳು ಬಂದವು. ಹಾಂಗ್‌ಕಾಂಗಿನ ವಾಸ್ತು ಪಂಡಿತರು ಇದನ್ನು ಏಳು ಬಣ್ಣದ ಸಮೃದ್ಧಿಯ ಕಲ್ಲು ಎಂದು ಕೊಂಡಾಡಿದ ಮೇಲೆ ಏಷ್ಯಾದಲ್ಲಿ ಬೇಡಿಕೆ ಏರಿತು. 2004ರಲ್ಲಿ ಅಲ್ಬರ್ಟಾ ಇದನ್ನು ಪ್ರಾಂತ್ಯದ ಅಧಿಕೃತ ರತ್ನವೆಂದು ಸಾರಿತು. ಮೊದಲ ಮಾನ್ಯತೆಗೂ ಈ ಘೋಷಣೆಗೂ ನಡುವೆ ಕಾಲು ಶತಮಾನವೂ ಇಲ್ಲ.

ಸಂಗ್ರಹಕಾರರ ಲೋಕ ಇದಕ್ಕಿಂತ ಹಳೆಯದು, ಆಸೆಯೂ ಬೇರೆ. ಒಡವೆಯವರಿಗೆ ಚೂರು ಸಾಕು. ಸಂಗ್ರಹಕಾರನಿಗೆ ಇಡೀ ಸುರುಳಿ ಬೇಕು. ಮಾರುಕಟ್ಟೆಯಲ್ಲಿ ಹೊಳೆಯುವ ಚಿಕ್ಕ ಅಮ್ಮೊನೈಟ್‌ಗಳು ಬಹಳಷ್ಟು ಮಡಗಾಸ್ಕರಿನವು. ಹೊರ ಪದರವನ್ನು ಉಜ್ಜಿ ತೆಗೆದು ಒಳಗಿನ ಬಣ್ಣ ತೋರಿಸಿರುತ್ತಾರೆ. ಅಲ್ಬರ್ಟಾದ ದೊಡ್ಡ ಸುರುಳಿಗಳ ಬೆಲೆ ಎಲ್ಲೋ ಮೇಲೆ. ಅವುಗಳಲ್ಲಿ ಎಷ್ಟೋ ನೂರಾರು ಚೂರುಗಳನ್ನು ತಿಂಗಳುಗಟ್ಟಲೆ ಕುಳಿತು ಜೋಡಿಸಿದವು. ಬಿರುಕಿಗೆ ಅಂಟು, ಖಾಲಿಗೆ ಇನ್ನೊಂದು ಚಿಪ್ಪಿನ ತೇಪೆ. ನುರಿತ ಕಣ್ಣಿಗೂ ತೇಪೆ ಗೊತ್ತಾಗದಷ್ಟು ಕೈಚಳಕ ಬೆಳೆದಿದೆ.

ಇಲ್ಲಿಗೆ ಬಂದಾಗ ವಿಜ್ಞಾನಿಗಳ ಆತಂಕ ಶುರುವಾಗುತ್ತದೆ. ರತ್ನದ ಕಣ್ಣಿಗೆ ದೋಷವಾದದ್ದು ಅವರ ಕಣ್ಣಿಗೆ ಸಾಕ್ಷ್ಯ. ಇದಕ್ಕೆ ಒಳ್ಳೆಯ ನಿದರ್ಶನ ತೂತುಗಳ ಜಗಳ. 1960ರಲ್ಲಿ ಅರ್ಲ್ ಕಾಫ್‌ಮನ್ ಮತ್ತು ರಾಬರ್ಟ್ ಕೆಸ್ಲಿಂಗ್ ಎಂಬ ಅಮೆರಿಕದ ವಿದ್ವಾಂಸರು ದಕ್ಷಿಣ ಡಕೋಟಾದ ಒಂದು ಪ್ಲಾಸೆಂಟಿಸೆರಾಸ್ ಚಿಪ್ಪಿನ ಮೇಲಿನ ತೂತುಗಳನ್ನು ಅಳೆದು ನೋಡಿ, ಮೊಸಸಾರ್ ಎಂಬ ಭಾರಿ ಕಡಲ ಹಲ್ಲಿ ಅದನ್ನು ಹದಿನಾರು ಬಾರಿಯಾದರೂ ಕಚ್ಚಿದೆ ಎಂದು ವಾದಿಸಿದರು. ಬೇಟೆಯ ಆ ಚಿತ್ರ ಪಠ್ಯಪುಸ್ತಕಗಳಿಗೂ ವಸ್ತುಸಂಗ್ರಹಾಲಯದ ಗೋಡೆಗಳಿಗೂ ಏರಿತು. 1998ರಲ್ಲಿ ಜಪಾನಿನ ತೊಮೊಕಿ ಕಾಸೆ ಮತ್ತು ಸಂಗಡಿಗರು ಅದಕ್ಕೆ ಕೊಕ್ಕೆ ಹಾಕಿದರು. ಅವರು ಮೊಸಸಾರ್ ದವಡೆಯ ಯಂತ್ರವನ್ನೇ ಮಾಡಿ, ಅಮ್ಮೊನೈಟನ್ನು ಹೋಲುವ, ಇಂದಿಗೂ ಬದುಕಿರುವ ನಾಟಿಲಸ್‌ನ ಚಿಪ್ಪುಗಳನ್ನು ಕಚ್ಚಿಸಿ ನೋಡಿದರು. ಚಿಪ್ಪು ಒಡೆದು ಚೂರಾಯಿತೇ ಹೊರತು ಅಚ್ಚುಕಟ್ಟಾದ ದುಂಡು ತೂತು ಬೀಳಲಿಲ್ಲ. ಲಿಂಪೆಟ್ ಎಂಬ, ಬಂಡೆಗೆ ಬಟ್ಟಲು ಕವುಚಿದಂತೆ ಅಂಟಿಕೊಳ್ಳುವ ಪುಟ್ಟ ಮೃದ್ವಂಗಿಗಳು ಚಿಪ್ಪಿನ ಮೇಲೆ ಕುಳಿತು ಸವೆಸಿದ ಗುಳಿಗಳಿವು ಎಂಬುದು ಅವರ ತೀರ್ಮಾನ. 2001ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಮತ್ತೆ ಮೊಸಸಾರ್ ಪರ ನಿಂತರು. ಹಲವು ಚಿಪ್ಪುಗಳಲ್ಲಿ ತೂತುಗಳು ದವಡೆಯ ಸಾಲಿನಂತಿವೆ, ಎರಡೂ ಮಗ್ಗುಲಲ್ಲಿ ಎದುರುಬದುರಾಗಿವೆ. ಲಿಂಪೆಟ್ ಹಾಗೆ ಲೆಕ್ಕ ಹಾಕಿ ಕೂರುವುದುಂಟೆ ಎಂಬುದು ಅವರ ಪ್ರಶ್ನೆ. ಈ ವಾದ ತೀರಬೇಕಾದರೆ ತೂತಿರುವ ಚಿಪ್ಪುಗಳು ಎರಡೂ ಮಗ್ಗುಲು ಸಮೇತ, ಸಿಕ್ಕ ಹಾಗೆಯೇ ಬೇಕು. ತೂತಿಗೆ ತೇಪೆ ಹಾಕಿ ಹೊಳಪೇರಿಸಿದ ಸುರುಳಿ, ಉಂಗುರಕ್ಕಾಗಿ ಕತ್ತರಿಸಿದ ಚೂರು ಇದಕ್ಕೆ ಒದಗುವುದಿಲ್ಲ.

ಅಲ್ಬರ್ಟಾ ಸರಕಾರ ಈ ಇಕ್ಕಟ್ಟಿಗೆ ತನ್ನದೇ ರೀತಿಯಲ್ಲಿ ದಾರಿ ಮಾಡಿದೆ. 1978ರ ನಂತರ ಆ ನೆಲದಲ್ಲಿ ಸಿಕ್ಕ ಪಳೆಯುಳಿಕೆಗಳ ಒಡೆತನ ಪ್ರಾಂತ್ಯದ್ದು. ಜಮೀನಿನವರ ಅನುಮತಿ ಪಡೆದು ನೆಲದ ಮೇಲೆ ಬಿದ್ದದ್ದನ್ನು ಎತ್ತಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಇಟ್ಟುಕೊಂಡವನು ಪಾಲಕ ಮಾತ್ರ. ಸರಕಾರದ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ, ಗಡಿ ದಾಟಿಸುವಂತಿಲ್ಲ. ಡೈನೋಸಾರ್ ಮೂಳೆಗೆ ಆ ಒಪ್ಪಿಗೆ ಸಿಗುವುದು ಸುಲಭವಲ್ಲ. ಅಮ್ಮೊನೈಟಿಗೆ ಮಾತ್ರ ಪ್ರತ್ಯೇಕ ನಿಯಮ: ಗುತ್ತಿಗೆ ಪಡೆದು ಅಗೆಯಬಹುದು, ಪ್ರಮಾಣಪತ್ರ ಪಡೆದು ಮಾರಬಹುದು. ಒಂದೇ ಪದರದ ಒಂದು ಪಳೆಯುಳಿಕೆ ಪರಂಪರೆ, ಪಕ್ಕದಲ್ಲೇ ಮಲಗಿರುವ ಇನ್ನೊಂದು ಸರಕು. ತರ್ಕಕ್ಕೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಆದರೂ ಈ ಏರ್ಪಾಡು ವ್ಯರ್ಥವಾಗಿಲ್ಲ ಎನ್ನಲು ಒಂದು ಕಾರಣವಿದೆ. ಯಾವ ವಿಶ್ವವಿದ್ಯಾನಿಲಯವೂ ತನ್ನ ಹಣದಲ್ಲಿ ಅಷ್ಟು ಆಳದ, ಅಷ್ಟು ಅಗಲದ ಗುಂಡಿ ತೋಡಿಸಲಾರದು. ಅಮ್ಮೊಲೈಟಿನ ಆಸೆಗೆ ಗಣಿಯವರು ತೋಡುತ್ತಾರೆ. ಮೂಳೆ ಕಂಡರೆ ಕೆಲಸ ನಿಲ್ಲಿಸಿ ಡ್ರಮ್‌ಹೆಲ್ಲರಿನ ರಾಯಲ್ ಟಿರೆಲ್ ವಸ್ತುಸಂಗ್ರಹಾಲಯಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಹೀಗೆ ಮೊಸಸಾರ್‌ಗಳು ಸಿಕ್ಕಿವೆ. 2007ರಲ್ಲಿ ಅಮ್ಮೊಲೈಟ್ ಗಣಿಯೊಂದರಲ್ಲಿ ಉದ್ದ ಕತ್ತಿನ ಕಡಲ ಸರೀಸೃಪವೊಂದರ ಅಸ್ಥಿಪಂಜರ ಬೆಳಕಿಗೆ ಬಂತು. ಐದು ವರ್ಷಗಳ ಬಳಿಕ, 2012ರಲ್ಲಿ, ಅದಕ್ಕೆ ಅಲ್ಬರ್ಟೊನೆಕ್ಟೀಸ್ ಎಂದು ನಾಮಕರಣವಾಯಿತು. ಹನ್ನೊಂದು ಮೀಟರಿಗೂ ಮಿಕ್ಕ ದೇಹದಲ್ಲಿ ಸುಮಾರು ಏಳು ಮೀಟರು ಬರೀ ಕತ್ತು. ಕತ್ತಿನಲ್ಲಿ 76 ಮೂಳೆಗಳು. ಜಿರಾಫೆಗೂ ಮನುಷ್ಯನಿಗೂ ಇರುವುದು ಏಳೇ ಏಳು. ಬಾಲದ ತುದಿಯವರೆಗೆ ಹೆಚ್ಚುಕಡಿಮೆ ಎಲ್ಲ ಮೂಳೆಗಳೂ ಸಿಕ್ಕವು. ತಲೆಬುರುಡೆ ಮಾತ್ರ ಇರಲಿಲ್ಲ.